‘40% ವಿದ್ಯುತ್ ಉಳಿಸುವ ಕಟ್ಟಡ’ ಅಂತಾರಲ್ಲ, ಯಾವುದಕ್ಕಿಂತ 40%?

ಹೊಳೆಯುವ ಗಾಜಿನ ಗೋಡೆಗಳ ದೊಡ್ಡ ಕಚೇರಿ ಕಟ್ಟಡದ ಫೋಟೊ. ಮೂಲೆಯಲ್ಲೊಂದು ಹಸಿರು ಎಲೆಯ ಚಿತ್ರ. ಕೆಳಗೆ ‘ಗ್ರೀನ್ ಬಿಲ್ಡಿಂಗ್, ಪ್ಲಾಟಿನಂ ದರ್ಜೆ, 40% ವಿದ್ಯುತ್ ಉಳಿತಾಯ’ ಎಂಬ ಒಕ್ಕಣೆ. ಇಂಥ ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಆಫೀಸಿನ ಗುಂಪಿಗೆ ಬಂದರೆ ಅದರ ಹಿಂದೆ ಚಪ್ಪಾಳೆಯ ಇಮೋಜಿಗಳು, ರಿಯಲ್ ಎಸ್ಟೇಟ್ ಗುಂಪಿಗೆ ಬಂದರೆ ಚದರಡಿಯ ದರ. ಇದಕ್ಕೆ ತದ್ವಿರುದ್ಧವಾದ ಫಾರ್ವರ್ಡ್ ಕೂಡ ಓಡಾಡುತ್ತಿರುತ್ತದೆ: ‘ಗ್ರೀನ್ ಬಿಲ್ಡಿಂಗ್ ಅನ್ನೋದೆಲ್ಲ ಬರೀ ಸುಳ್ಳು, ಬಿಲ್ ನೋಡಿದರೆ ಗೊತ್ತಾಗುತ್ತೆ’.

ಎರಡರಲ್ಲಿ ಯಾವುದನ್ನು ನಂಬಬೇಕು? ನಮ್ಮ ಉತ್ತರ: ಎರಡನ್ನೂ ಹಾಗೇ ನಂಬಬೇಕಿಲ್ಲ. ಆ 40% ಎಂಬುದು ಸಾಮಾನ್ಯವಾಗಿ ಸುಳ್ಳು ಲೆಕ್ಕವಲ್ಲ. ಆದರೆ ಅದನ್ನು ಓದಿದಾಗ ನಾವು ನೀವು ಅಂದುಕೊಳ್ಳುವ ಅರ್ಥ ಅದಕ್ಕಿಲ್ಲ. ಪಕ್ಕದ ರಸ್ತೆಯ ಕಟ್ಟಡಕ್ಕಿಂತ 40% ಕಡಿಮೆ ಎಂದೂ ಅಲ್ಲ, ಹೋದ ವರ್ಷದ ಬಿಲ್ಲಿಗಿಂತ 40% ಕಡಿಮೆ ಎಂದೂ ಅಲ್ಲ. ಯಾರೂ ಎಂದೂ ಕಟ್ಟದ, ಕಂಪ್ಯೂಟರಿನ ಒಳಗೆ ಮಾತ್ರ ಇರುವ ಇನ್ನೊಂದು ಕಟ್ಟಡಕ್ಕಿಂತ 40% ಕಡಿಮೆ ಎಂದು ಅದರ ಅರ್ಥ. ಈ ಕಾಲ್ಪನಿಕ ಕಟ್ಟಡ ಎಲ್ಲಿಂದ ಬಂತು, ಅದರ ಲೆಕ್ಕ ಹೇಗೆ ನಡೆಯುತ್ತದೆ, ಎಲ್ಲಿ ಕೈಕೊಡುತ್ತದೆ ಎಂದು ನೋಡೋಣ.

ನ್ಯೂಯಾರ್ಕಿನ ಎರಡು ಕಟ್ಟಡಗಳು

ಮೊದಲು ಒಂದು ನಿಜ ಪ್ರಸಂಗ. ನ್ಯೂಯಾರ್ಕ್ ನಗರದ ಮ್ಯಾನ್‌ಹಟನ್‌ನಲ್ಲಿ ಒಂದು ಕಿಲೋಮೀಟರ್‌ಗಿಂತ ಕಡಿಮೆ ಅಂತರದಲ್ಲಿ ಎರಡು ಹೆಸರಾಂತ ಗಗನಚುಂಬಿಗಳಿವೆ. ಒಂದು, 1931ರಲ್ಲಿ ಕಟ್ಟಿದ ಎಂಪೈರ್ ಸ್ಟೇಟ್ ಬಿಲ್ಡಿಂಗ್. ಇನ್ನೊಂದು, ಬ್ಯಾಂಕ್ ಆಫ್ ಅಮೆರಿಕ ಟವರ್. ಈ ಹೊಸ ಗೋಪುರಕ್ಕೆ 2010ರಲ್ಲಿ ಅಮೆರಿಕದ ‘ಲೀಡ್’ ಎಂಬ ಹಸಿರು ಕಟ್ಟಡ ಪದ್ಧತಿಯ ಅತ್ಯುನ್ನತ ದರ್ಜೆಯಾದ ಪ್ಲಾಟಿನಂ ಸಿಕ್ಕಿತು. ಆ ಎತ್ತರದ ಕಚೇರಿ ಗೋಪುರಗಳಲ್ಲಿ ಅದೇ ಮೊದಲನೆಯದು ಎಂದು ದೊಡ್ಡ ಸುದ್ದಿಯೂ ಆಯಿತು.

ಅಷ್ಟರಲ್ಲಿ ನ್ಯೂಯಾರ್ಕ್ ನಗರ ಒಂದು ಕಾನೂನು ತಂದಿತ್ತು. ದೊಡ್ಡ ಕಟ್ಟಡಗಳೆಲ್ಲ ವರ್ಷಕ್ಕೆ ಎಷ್ಟು ಶಕ್ತಿ ಬಳಸುತ್ತವೆ ಎಂಬ ಲೆಕ್ಕ ಒಪ್ಪಿಸಬೇಕು, ನಗರಾಡಳಿತ ಅದನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸುತ್ತದೆ. ಆ ಅಂಕಿಗಳು ಹೊರಬಂದಾಗ ಪೇಚಿನ ಸಂಗತಿ ಬಯಲಾಯಿತು. ಪ್ಲಾಟಿನಂ ಗೋಪುರ ಪ್ರತಿ ಚದರಡಿಗೆ ಬಳಸುತ್ತಿದ್ದ ಶಕ್ತಿ, 80 ವರ್ಷ ಹಳೆಯ ಎಂಪೈರ್ ಸ್ಟೇಟ್ ಬಿಲ್ಡಿಂಗ್ ಬಳಸುವುದರ ಎರಡು ಪಟ್ಟಿಗಿಂತ ಹೆಚ್ಚಿತ್ತು. 2013ರಲ್ಲಿ ‘ನ್ಯೂ ರಿಪಬ್ಲಿಕ್’ ಪತ್ರಿಕೆ ಇದನ್ನು ಬರೆದಾಗ ಭಾರಿ ಜಗಳವೇ ನಡೆಯಿತು.

ಗೋಪುರದ ಪರ ನಿಂತವರ ವಾದದಲ್ಲೂ ಹುರುಳಿತ್ತು. ಅದರ ದೊಡ್ಡ ಭಾಗದಲ್ಲಿ ಷೇರು ವ್ಯವಹಾರದ ಟ್ರೇಡಿಂಗ್ ಫ್ಲೋರ್‌ಗಳಿದ್ದವು. ಅಲ್ಲಿ ಒಬ್ಬೊಬ್ಬರ ಮೇಜಿನ ಮೇಲೂ ಹಲವು ಪರದೆಗಳು, ಹಗಲು ರಾತ್ರಿ ಓಡುವ ಕಂಪ್ಯೂಟರುಗಳು. ಅವು ತಿನ್ನುವ ವಿದ್ಯುತ್ತಿಗೆ ಕಟ್ಟಡದ ಗೋಡೆ, ಗಾಜು ಏನು ಮಾಡೀತು? ಜೊತೆಗೆ ಆ ಕಟ್ಟಡ ತನ್ನ ವಿದ್ಯುತ್ತಿನ ಒಂದು ಪಾಲನ್ನು ಅನಿಲದಿಂದ ಅಲ್ಲೇ ತಯಾರಿಸಿಕೊಳ್ಳುತ್ತಿತ್ತು, ಹಾಗಾಗಿ ಹೋಲಿಕೆ ಅಷ್ಟು ಸಲೀಸಲ್ಲ.

ಈ ಜಗಳದಲ್ಲಿ ಯಾರು ಗೆದ್ದರು ಎಂಬುದಕ್ಕಿಂತ ನಮಗೆ ಮುಖ್ಯವಾದದ್ದು ಬೇರೆ. ಪ್ಲಾಟಿನಂ ಫಲಕ, ದುಬಾರಿ ಶಕ್ತಿ ಬಳಕೆ, ಇವೆರಡೂ ಒಂದೇ ಕಟ್ಟಡದಲ್ಲಿ ಯಾರೂ ಮೋಸ ಮಾಡದೆಯೇ ಇರಬಹುದು. ಅದು ಹೇಗೆ ಎಂದು ತಿಳಿಯಲು ಆ ಕಂಪ್ಯೂಟರ್ ಲೆಕ್ಕದ ಒಳಹೊಕ್ಕು ನೋಡಬೇಕು.

8,760 ಗಂಟೆಗಳ ಲೆಕ್ಕ

ಕಟ್ಟಡ ಇನ್ನೂ ನಕ್ಷೆಯಲ್ಲಿರುವಾಗಲೇ ಅದು ವರ್ಷಕ್ಕೆ ಎಷ್ಟು ವಿದ್ಯುತ್ ಬಳಸೀತು ಎಂದು ಅಂದಾಜು ಮಾಡುವುದಕ್ಕೆ ಎನರ್ಜಿ ಮಾಡೆಲಿಂಗ್ ಎನ್ನುತ್ತಾರೆ. 1973ರ ತೈಲ ಬಿಕ್ಕಟ್ಟಿನ ಬಳಿಕ ಅಮೆರಿಕದ ಸರ್ಕಾರಿ ಪ್ರಯೋಗಾಲಯಗಳು ಇಂಥ ತಂತ್ರಾಂಶಗಳನ್ನು ಬರೆಯಲು ಕೂತವು. ಅವುಗಳ ವಾರಸುದಾರನಾಗಿ 2001ರಲ್ಲಿ ಬಂದ ‘ಎನರ್ಜಿಪ್ಲಸ್’ ಇವತ್ತಿಗೂ ಬಳಕೆಯಲ್ಲಿದೆ. ಯಾರು ಬೇಕಾದರೂ ಪುಕ್ಕಟೆಯಾಗಿ ಇಳಿಸಿಕೊಳ್ಳಬಹುದು.

ಅದು ಮಾಡುವ ಕೆಲಸವನ್ನು ಒಂದೇ ಸಾಲಿನಲ್ಲಿ ಹೇಳಬಹುದು. ವರ್ಷದಲ್ಲಿ 8,760 ಗಂಟೆಗಳಿವೆ. ಪ್ರತಿ ಗಂಟೆಗೂ, ಹಲವು ಸಲ ಇನ್ನೂ ಸಣ್ಣ ಹೊತ್ತಿಗೂ, ಕಟ್ಟಡದ ಪ್ರತಿ ಭಾಗಕ್ಕೆ ಎಷ್ಟು ಶಾಖ ಬಂತು, ಎಷ್ಟು ಹೋಯಿತು, ಉಳಿದದ್ದನ್ನು ಹೊರಹಾಕಲು ಎಸಿ ಎಷ್ಟು ದುಡಿಯಬೇಕು ಎಂದು ಲೆಕ್ಕ ಹಾಕುತ್ತದೆ.

ಒಂದು ಗಂಟೆಯನ್ನು ನಾವೇ ಲೆಕ್ಕ ಹಾಕೋಣ. ಏಪ್ರಿಲ್ ತಿಂಗಳ ಸಂಜೆ ನಾಲ್ಕು ಗಂಟೆ, ಪಶ್ಚಿಮಕ್ಕೆ ಮುಖ ಮಾಡಿದ ಒಂದು ಕ್ಯಾಬಿನ್. ಅದರ ಗಾಜು 10 ಚದರ ಮೀಟರ್. ಬಿಸಿಲು ಪ್ರತಿ ಚದರ ಮೀಟರಿಗೆ 500 ವಾಟ್‌ನಂತೆ ಗಾಜಿನ ಮೇಲೆ ಬೀಳುತ್ತಿದೆ ಎಂದುಕೊಳ್ಳಿ. ಸಾದಾ ಒಂಟಿ ಗಾಜು ತನ್ನ ಮೇಲೆ ಬಿದ್ದ ಬಿಸಿಲ ಶಾಖದಲ್ಲಿ ಸುಮಾರು 80% ಒಳಬಿಡುತ್ತದೆ. ಅಂದರೆ 4,000 ವಾಟ್ ಒಳಗೆ ಬಂತು. ಕ್ಯಾಬಿನ್‌ನಲ್ಲಿ ನಾಲ್ಕು ಜನ ಕೂತಿದ್ದಾರೆ. ಸುಮ್ಮನೆ ಕೂತ ಮನುಷ್ಯನ ಮೈಯಿಂದಲೇ ಸುಮಾರು 100 ವಾಟ್ ಶಾಖ ಹೊರಬರುತ್ತದೆ, ಹಳೆಯ ಟಂಗ್‌ಸ್ಟನ್ ಬಲ್ಬಿನಷ್ಟು. ಅವರದು 400, ನಾಲ್ಕು ಲ್ಯಾಪ್‌ಟಾಪ್‌ಗಳದು 200, ದೀಪಗಳದು 100 ಎಂದಿಟ್ಟುಕೊಳ್ಳಿ. ಎಲ್ಲ ಸೇರಿ 700 ವಾಟ್. ಗಾಜಿನ ಪಾಲು ಒಂದೇ 4,000!

ಒಂದು ಟನ್ ಎಸಿ ಎಂದರೆ ಸುಮಾರು 3,500 ವಾಟ್ ಶಾಖವನ್ನು ಹೊರಹಾಕಬಲ್ಲ ಯಂತ್ರ. ಅಂದರೆ ಆ ಹೊತ್ತಿನಲ್ಲಿ ಒಂದು ಟನ್‌ಗಿಂತ ಹೆಚ್ಚು ಎಸಿ ದುಡಿಯುತ್ತಿರುವುದು ಬರೀ ಆ ಗಾಜಿನ ಸಲುವಾಗಿ, ಒಳಗಿರುವ ಮನುಷ್ಯರ ಸಲುವಾಗಿ ಅಲ್ಲ. ಅದೇ ಜಾಗದಲ್ಲಿ ಶಾಖದ ಕಾಲು ಭಾಗ ಮಾತ್ರ ಒಳಬಿಡುವ ಒಳ್ಳೆಯ ಗಾಜು ಇದ್ದರೆ 4,000 ಇದ್ದದ್ದು 1,250ಕ್ಕೆ ಇಳಿಯುತ್ತದೆ. ಗಾಜನ್ನೇ ಅರ್ಧ ಮಾಡಿ, ಮೇಲೊಂದು ಸಜ್ಜಾ ಕೊಟ್ಟರೆ ಇನ್ನೂ ಕಡಿಮೆ. ಸಜ್ಜಾ ಎಂಬ ಹಳೆಯ ಉಪಾಯ ನಮ್ಮ ಅಜ್ಜಂದಿರ ಕಾಲದ ಮನೆಗಳಲ್ಲೆಲ್ಲ ಇತ್ತು. ಹೊಸ ಕಚೇರಿಗಳಲ್ಲಿ ಅದು ಯಾಕೆ ಮಾಯವಾಯಿತು ಎಂಬುದು ಬೇರೆಯೇ ಲೇಖನದ ವಸ್ತು.

ಇಷ್ಟೇ ಆಗಿದ್ದರೆ ಕ್ಯಾಲ್ಕ್ಯುಲೇಟರ್ ಸಾಕಿತ್ತು. ತೊಡಕಿರುವುದು ಕಟ್ಟಡಕ್ಕೆ ನೆನಪಿರುತ್ತದೆ ಎಂಬಲ್ಲಿ. ನಾಲ್ಕು ಗಂಟೆಗೆ ಕಾದ ಕಾಂಕ್ರೀಟ್ ಗೋಡೆ ಏಳು ಗಂಟೆಗೆ ಆ ಶಾಖವನ್ನು ಒಳಗೆ ಬಿಡುತ್ತದೆ. ಬೇಸಿಗೆಯ ರಾತ್ರಿ ಮೇಲ್ಮಹಡಿಯಲ್ಲಿ ಮಲಗಿದವರಿಗೆ ಇದನ್ನು ವಿವರಿಸಬೇಕಿಲ್ಲ. ಹಾಗಾಗಿ ಈ ಗಂಟೆಯ ಲೆಕ್ಕ ಹಿಂದಿನ ಹಲವು ಗಂಟೆಗಳ ಮೇಲೆ ನಿಂತಿರುತ್ತದೆ. ಇದರ ಜೊತೆಗೆ ಹೊರಗಿನ ಗಾಳಿಯ ತೇವಾಂಶ, ಒಳಗೆ ತರಬೇಕಾದ ತಾಜಾ ಗಾಳಿ, ಫ್ಯಾನು ಪಂಪುಗಳ ಬಳಕೆ, ಲಿಫ್ಟು, ಎಷ್ಟು ಗಂಟೆಗೆ ಜನ ಬರುತ್ತಾರೆ, ಎಷ್ಟು ಗಂಟೆಗೆ ಹೋಗುತ್ತಾರೆ ಎಂಬುದೆಲ್ಲ ಸೇರುತ್ತದೆ.

ಹವಾಮಾನವನ್ನೂ ಕೊಡಬೇಕಲ್ಲ? ಅದಕ್ಕೊಂದು ಜಾಣತನ ಮಾಡುತ್ತಾರೆ. ಹಲವು ವರ್ಷಗಳ ದಾಖಲೆಯಿಂದ ತೀರಾ ಬಿಸಿಯೂ ಅಲ್ಲದ, ತೀರಾ ತಂಪೂ ಅಲ್ಲದ ಸಾಮಾನ್ಯ ತಿಂಗಳುಗಳನ್ನು ಆರಿಸಿ ಪೋಣಿಸುತ್ತಾರೆ. ಜನವರಿ ಒಂದು ವರ್ಷದ್ದು, ಫೆಬ್ರವರಿ ಇನ್ನೊಂದು ವರ್ಷದ್ದು. ಹೀಗೆ ಸಿದ್ಧವಾದ ‘ವಿಶಿಷ್ಟ ವರ್ಷ’ವನ್ನು ಯಾರೂ ಬಾಳಿಲ್ಲ. 2024ರ ಏಪ್ರಿಲ್‌ನಲ್ಲಿ ಬೆಂಗಳೂರು ಬೆಂದದ್ದು ನೆನಪಿದೆಯಲ್ಲ? ಅಂಥ ತಿಂಗಳು ಈ ಕಡತದೊಳಗೆ ಬರುವ ಸಾಧ್ಯತೆ ಕಡಿಮೆ.

ಆ ಕಾಲ್ಪನಿಕ ಅವಳಿ

ಈಗ ಮುಖ್ಯ ವಿಷಯಕ್ಕೆ ಬರೋಣ. ನಿಮ್ಮ ಕಟ್ಟಡ ಇಷ್ಟು ಯೂನಿಟ್ ಬಳಸೀತು ಎಂದು ಮಾಡೆಲ್ ಹೇಳಿತು. ಅದು ಒಳ್ಳೆಯದೋ ಕೆಟ್ಟದ್ದೋ ಎಂದು ಅಳೆಯಲು ಒಂದು ಅಳತೆಗೋಲು ಬೇಕು. ಅದಕ್ಕೆ ಅದೇ ಕಟ್ಟಡದ ಒಂದು ಅವಳಿಯನ್ನು ಕಂಪ್ಯೂಟರಿನಲ್ಲೇ ಕಟ್ಟುತ್ತಾರೆ. ಅಮೆರಿಕದ ‘ಆಶ್ರೇ 90.1’ ಎಂಬ ಮಾನದಂಡದಲ್ಲಿ ಇದಕ್ಕೆ ವಿವರವಾದ ನಿಯಮಗಳಿವೆ, ಲೀಡ್ ಪ್ರಮಾಣಪತ್ರ ಅದನ್ನೇ ಆಧರಿಸುತ್ತದೆ. ಅವಳಿಯ ವಿಸ್ತೀರ್ಣ ಅಷ್ಟೇ, ಮಹಡಿಗಳು ಅಷ್ಟೇ, ಕೆಲಸದ ಅವಧಿ ಅದೇ. ಆದರೆ ಗೋಡೆ, ಗಾಜು, ದೀಪ, ಎಸಿ ಇವೆಲ್ಲ ಮಾನದಂಡ ಕೇಳುವ ಕನಿಷ್ಠ ಮಟ್ಟದವು. ಗೋಡೆಯಲ್ಲಿ ಗಾಜಿನ ಪಾಲು 40% ಮೀರುವಂತಿಲ್ಲ. ಕಟ್ಟಡವನ್ನು ನಾಲ್ಕು ದಿಕ್ಕಿಗೂ ತಿರುಗಿಸಿ, ನಾಲ್ಕು ಸಲ ಲೆಕ್ಕ ಹಾಕಿ, ಸರಾಸರಿ ತೆಗೆಯುತ್ತಾರೆ. ನಿಮ್ಮ ಕಟ್ಟಡ ಸರಿಯಾದ ದಿಕ್ಕಿಗೆ ಮುಖ ಮಾಡಿದ್ದರೆ ಅದರ ಲಾಭ ಹೀಗೆ ಲೆಕ್ಕಕ್ಕೆ ಬರುತ್ತದೆ.

ಅವಳಿಗಿಂತ ನಿಮ್ಮ ಕಟ್ಟಡ ಎಷ್ಟು ಕಡಿಮೆ ಬಳಸಿತು ಎಂಬುದೇ ಆ ‘ಉಳಿತಾಯ’.

ಇದು ಮೂರ್ಖ ಪದ್ಧತಿಯೇನಲ್ಲ. ಆಸ್ಪತ್ರೆಯನ್ನು ಶಾಲೆಯ ಜೊತೆ, ಕಾಲ್ ಸೆಂಟರನ್ನು ಬ್ಯಾಂಕ್ ಶಾಖೆಯ ಜೊತೆ ಹೋಲಿಸಿದರೆ ಅನ್ಯಾಯ. ಪ್ರತಿಯೊಂದನ್ನೂ ಅದರದೇ ಅವಳಿಯ ಜೊತೆ ಹೋಲಿಸಿದರೆ ವಿನ್ಯಾಸ ಮಾಡಿದವರ ಜಾಣತನ ಕಾಣುತ್ತದೆ. ಎಡವಟ್ಟಾಗುವುದು ಆ ಅಂಕಿ ಫಾರ್ವರ್ಡ್ ಆದಾಗ.

ಒಂದು ಕಾಲ್ಪನಿಕ ಉದಾಹರಣೆ ತಗೊಳ್ಳೋಣ. ಮೊದಲ ಕಟ್ಟಡದ ಅವಳಿ ವರ್ಷಕ್ಕೆ ಪ್ರತಿ ಚದರ ಮೀಟರಿಗೆ 200 ಯೂನಿಟ್ ಬಳಸುತ್ತದೆ. ಕಟ್ಟಡದ ವಿನ್ಯಾಸ 120 ಯೂನಿಟ್ ಎನ್ನುತ್ತದೆ. 40% ಉಳಿತಾಯ, ಫಲಕ, ಫೋಟೊ, ಸಮಾರಂಭ. ಎರಡನೆಯದು ಒಂದು ಸಾದಾ ಕಟ್ಟಡ. ಕಿಟಕಿ ತೆರೆಯಬಹುದು, ಫ್ಯಾನ್ ಇದೆ, ಎಸಿ ಕೆಲವೇ ಕೋಣೆಗೆ. ಅದು ಬಳಸುವುದು 70 ಯೂನಿಟ್, ಅದರ ಅವಳಿ 75. ಉಳಿತಾಯ 7% ಕೂಡ ಇಲ್ಲ. ಇದರ ಫೋಟೊ ಯಾರೂ ಹಾಕುವುದಿಲ್ಲ. ಆದರೆ ಚದರ ಮೀಟರಿಗೆ 50 ಯೂನಿಟ್ ಕಡಿಮೆ ಬಳಸಿದ್ದು ಇದೇ ಅಲ್ಲವೆ? ಬೈಕ್ ಜಾಹೀರಾತಿನಲ್ಲಿ ‘40% ಹೆಚ್ಚು ಮೈಲೇಜ್’ ಎಂದು ಬರೆದು, ಲೀಟರಿಗೆ ಎಷ್ಟು ಕಿಲೋಮೀಟರ್ ಎಂದು ಹೇಳದೇ ಬಿಟ್ಟರೆ ನಾವು ಬಿಡುತ್ತೇವೆಯೇ?

ಇನ್ನೂ ಎರಡು ಸಣ್ಣ ಅಕ್ಷರದ ಸಂಗತಿಗಳಿವೆ. ಲೀಡ್ ಪದ್ಧತಿಯಲ್ಲಿ ಬಹುಕಾಲ ಈ ಶೇಕಡಾವಾರನ್ನು ಅಳೆಯುತ್ತಿದ್ದದ್ದು ಯೂನಿಟ್‌ಗಳಲ್ಲಲ್ಲ, ಹಣದಲ್ಲಿ. ಅಂದರೆ ದುಬಾರಿ ಹೊತ್ತಿನ ವಿದ್ಯುತ್ ಉಳಿಸಿದರೆ ಅಂಕ ಹೆಚ್ಚು. ಎರಡನೆಯದಾಗಿ, ಆ ಫಲಕ ಬರೀ ವಿದ್ಯುತ್ತಿನದಲ್ಲ. ಲೀಡ್‌ನ 2009ರ ಆವೃತ್ತಿಯ 110 ಅಂಕಗಳಲ್ಲಿ ಶಕ್ತಿ ಉಳಿತಾಯದ ಲೆಕ್ಕಕ್ಕೆ ನೇರವಾಗಿ ಇದ್ದದ್ದು ಹೆಚ್ಚೆಂದರೆ 19. ನೀರು, ಜಾಗ, ಸಾಮಗ್ರಿ, ಒಳಗಿನ ಗಾಳಿ, ಸೈಕಲ್ ನಿಲ್ಲಿಸುವ ಸ್ಥಳ ಇವಕ್ಕೆಲ್ಲ ಉಳಿದ ಅಂಕಗಳು. ಅವೂ ಬೇಕಾದವೇ, ಆದರೆ ಅವು ಕರೆಂಟ್ ಬಿಲ್ಲನ್ನು ಇಳಿಸುವುದಿಲ್ಲ.

ಜನ ಒಳಗೆ ಬಂದ ಮೇಲೆ

2008ರಲ್ಲಿ ಅಮೆರಿಕದ ನ್ಯೂ ಬಿಲ್ಡಿಂಗ್ಸ್ ಇನ್‌ಸ್ಟಿಟ್ಯೂಟ್, ಲೀಡ್ ಪ್ರಮಾಣಪತ್ರ ಪಡೆದ 121 ಕಟ್ಟಡಗಳ ನಿಜ ಬಳಕೆಯನ್ನು ಪರಿಶೀಲಿಸಿತು. ಒಟ್ಟಾರೆ ಸರಾಸರಿ ಪರವಾಗಿಲ್ಲ ಎನ್ನುವಂತಿತ್ತು. ಆದರೆ ಒಂದೊಂದೇ ಕಟ್ಟಡ ತೆಗೆದುಕೊಂಡರೆ, ಅರ್ಧಕ್ಕಿಂತ ಹೆಚ್ಚಿನವು ವಿನ್ಯಾಸದ ಅಂದಾಜಿನಿಂದ 25%ಕ್ಕೂ ಹೆಚ್ಚು ಆಚೀಚೆ ಹೋಗಿದ್ದವು. ಕೆಲವು ತುಂಬ ಚೆನ್ನಾಗಿ, ಕೆಲವು ತುಂಬ ಕೆಟ್ಟದಾಗಿ. ಬ್ರಿಟನ್‌ನಲ್ಲಿ 1990ರ ದಶಕದ ಮಧ್ಯದಿಂದ ನಡೆದ ‘ಪ್ರೋಬ್’ ಅಧ್ಯಯನಗಳು ಹಲವು ಹೊಸ ಕಟ್ಟಡಗಳ ಬಳಕೆ ಅಂದಾಜಿನ ಎರಡರಷ್ಟಿದ್ದುದನ್ನು ಕಂಡವು.

ಯಾಕೆ ಹೀಗೆ? ತಂತ್ರಾಂಶದ ಭೌತಶಾಸ್ತ್ರ ತಪ್ಪೇನಲ್ಲ. ಅದಕ್ಕೆ ಉಣಿಸಿದ ಊಹೆಗಳು ನಿಜ ಜೀವನಕ್ಕೆ ಹೊಂದುವುದಿಲ್ಲ.

ಮಾಡೆಲ್‌ನಲ್ಲಿ ಬೆಳಿಗ್ಗೆ 9ಕ್ಕೆ ಜನ ಬಂದು ಸಂಜೆ 6ಕ್ಕೆ ಮನೆಗೆ ಹೋಗುತ್ತಾರೆ. ನಿಜದಲ್ಲಿ ಮೂರನೇ ಮಹಡಿಯ ಹತ್ತು ಜನ ಅಮೆರಿಕದ ಗ್ರಾಹಕರಿಗಾಗಿ ರಾತ್ರಿ 11ರವರೆಗೆ ಕೂರುತ್ತಾರೆ. ಆ ಹತ್ತು ಜನರಿಗಾಗಿ ಇಡೀ ಮಹಡಿಯ ಎಸಿ ಓಡುತ್ತದೆ. ಮಾಡೆಲ್‌ನಲ್ಲಿ ಒಳಗಿನ ತಾಪಮಾನ 24 ಡಿಗ್ರಿ. ನಿಜದಲ್ಲಿ ಯಾರೋ ಮೇಲಿನವರಿಗೆ ಸೆಕೆ, 21ಕ್ಕೆ ಇಳಿಸುತ್ತಾರೆ. ಎಸಿಯನ್ನು ಒಂದು ಡಿಗ್ರಿ ಏರಿಸಿದರೆ ಅದರ ವಿದ್ಯುತ್ತಿನಲ್ಲಿ ಸುಮಾರು 6% ಉಳಿಯುತ್ತದೆ ಎಂದು ಕೇಂದ್ರ ಸರ್ಕಾರದ ಇಂಧನ ದಕ್ಷತಾ ಸಂಸ್ಥೆ ಬಿಇಇ ಹೇಳುತ್ತದೆ (ಈ ಫಾರ್ವರ್ಡ್ ಸರಿಯಾದದ್ದೇ, ಹಂಚಬಹುದು). ಆ ಲೆಕ್ಕ ಹಿಡಿದರೆ ಮೂರು ಡಿಗ್ರಿ ಇಳಿಸಿದ್ದಕ್ಕೆ ಎಸಿಯ ಬಳಕೆ ಹತ್ತಿರ ಹತ್ತಿರ ಐದನೇ ಒಂದು ಭಾಗ ಹೆಚ್ಚು. ಆಚೆ ಕೂತವರು ಆಫೀಸಿಗೆ ಸ್ವೆಟರ್ ತರುತ್ತಾರೆ.

ಗಾಜಿನ ವಿಷಯದಲ್ಲಂತೂ ಒಂದು ತಮಾಷೆ ನಡೆಯುತ್ತದೆ. ‘ಪೂರ್ತಿ ಗಾಜು ಇದ್ದರೆ ಹಗಲು ಬೆಳಕು ಬರುತ್ತದೆ, ದೀಪ ಬೇಡ, ಕರೆಂಟ್ ಉಳಿಯುತ್ತದೆ’ ಎಂಬುದು ಕೇಳಲು ಸರಿಯಾಗಿದೆ. ಮಾಡೆಲ್ ಕೂಡ ಹಗಲು ಬೆಳಕು ಇದ್ದಾಗ ದೀಪ ಆರಿಸಿಬಿಡುತ್ತದೆ. ನಿಜವಾದ ಕಚೇರಿಯಲ್ಲಿ ಹತ್ತು ಗಂಟೆಯ ಬಿಸಿಲು ಪರದೆಯ ಮೇಲೆ ಬೀಳುತ್ತದೆ, ಕಣ್ಣು ಕುಕ್ಕುತ್ತದೆ, ಯಾರೋ ಎದ್ದು ಬ್ಲೈಂಡ್ಸ್ ಇಳಿಸುತ್ತಾರೆ. ಕತ್ತಲಾಯಿತೆಂದು ದೀಪ ಹಾಕುತ್ತಾರೆ. ಬಿಸಿಲು ಹೋದ ಮೇಲೂ ಬ್ಲೈಂಡ್ಸ್ ಏರಿಸುವವರಿಲ್ಲ. ಗಾಜಿನ ಶಾಖ ಒಳಗೆ ಬಂತು, ಬೆಳಕು ಹೊರಗುಳಿಯಿತು, ದೀಪವೂ ಉರಿಯಿತು. ಯಾವುದಾದರೂ ಟೆಕ್ ಪಾರ್ಕಿನ ಮುಂದೆ ಹಾದುಹೋಗುವಾಗ ಎಷ್ಟು ಬ್ಲೈಂಡ್ಸ್ ಇಳಿದಿವೆ ಎಂದು ಒಮ್ಮೆ ನೋಡಿ.

ಬ್ಯಾಂಕ್ ಆಫ್ ಅಮೆರಿಕ ಗೋಪುರದ ಒಗಟೂ ಇಲ್ಲೇ ಬಿಡಿಸಿಕೊಳ್ಳುತ್ತದೆ. ಕಂಪ್ಯೂಟರು, ಸರ್ವರು ಮೊದಲಾಗಿ ಪ್ಲಗ್‌ಗೆ ಸಿಕ್ಕಿಸುವ ವಸ್ತುಗಳ ಬಳಕೆಯನ್ನು ಸಾಮಾನ್ಯವಾಗಿ ಕಟ್ಟಡಕ್ಕೂ ಅವಳಿಗೂ ಒಂದೇ ಎಂದು ಇಡುತ್ತಾರೆ. ಅದು ಎಷ್ಟೇ ದೊಡ್ಡದಿರಲಿ, ಎರಡೂ ಕಡೆ ಅಷ್ಟೇ ಇರುತ್ತದೆ. ಬಿಲ್ಲಿನಲ್ಲಿ ಮಾತ್ರ ಅದಕ್ಕೆ ರಿಯಾಯಿತಿ ಇಲ್ಲ.

ಹಾಗಾದರೆ ಈ ಲೆಕ್ಕ ದಂಡವೇ?

ಅಲ್ಲ. ಎಂಪೈರ್ ಸ್ಟೇಟ್ ಬಿಲ್ಡಿಂಗ್ ಅಷ್ಟು ಕಡಿಮೆ ಬಳಸುತ್ತಿದ್ದುದರ ಹಿಂದೆ ಇದ್ದದ್ದೂ ಇದೇ ಮಾಡೆಲಿಂಗ್.

2009ರಲ್ಲಿ ಆ ಕಟ್ಟಡದ ಶಕ್ತಿ ಬಳಕೆ ಇಳಿಸುವ ಯೋಜನೆ ಪ್ರಕಟವಾಯಿತು. ಏನೇನು ಮಾಡಬಹುದು ಎಂದು 60ಕ್ಕೂ ಹೆಚ್ಚು ಉಪಾಯಗಳನ್ನು ಪಟ್ಟಿ ಮಾಡಿ, ಒಂದೊಂದನ್ನೂ ಮಾಡೆಲ್‌ನಲ್ಲಿ ಹಾಕಿ ನೋಡಿ, ಕೊನೆಗೆ 8ಕ್ಕೆ ಇಳಿಸಿದರು. ಅದರಲ್ಲೊಂದು, ಕಟ್ಟಡದ 6,514 ಕಿಟಕಿಗಳನ್ನು ಎಸೆಯದೆ, ಕಟ್ಟಡದೊಳಗೇ ವರ್ಕ್‌ಶಾಪ್ ಹಾಕಿ, ಹಳೆಯ ಎರಡು ಗಾಜುಗಳ ನಡುವೆ ಶಾಖ ತಡೆಯುವ ಪದರ ಸೇರಿಸಿ ಹೊಸದಾಗಿಸುವುದು. ಇನ್ನೊಂದು, ಚಳಿಗಾಲಕ್ಕೆ ಕೋಣೆ ಬೆಚ್ಚಗಿಡುವ ರೇಡಿಯೇಟರುಗಳ ಬೆನ್ನಿಗೆ ಶಾಖ ತಡೆಯುವ ಹಾಳೆ.

ಮಾಡೆಲ್‌ನ ನಿಜವಾದ ಬೆಲೆ ತಿಳಿದದ್ದು ಮುಂದಿನ ಹೆಜ್ಜೆಯಲ್ಲಿ. ಕಿಟಕಿ, ದೀಪಗಳಿಂದ ಒಳಗಿನ ಶಾಖ ಕಡಿಮೆಯಾದರೆ, ತಂಪು ಮಾಡುವ ದೊಡ್ಡ ಚಿಲ್ಲರ್ ಯಂತ್ರಗಳಿಗೂ ಕೆಲಸ ಕಡಿಮೆ. ಎಷ್ಟು ಕಡಿಮೆ? ಹೊಸ ಚಿಲ್ಲರ್ ಕೊಳ್ಳುವುದನ್ನೇ ಬಿಟ್ಟು, ಇದ್ದುದನ್ನೇ ರಿಪೇರಿ ಮಾಡಿಕೊಂಡರೆ ಸಾಕು ಎನ್ನುವಷ್ಟು. ಇದನ್ನು ಬರೀ ಅನುಭವದ ಮೇಲೆ ಹೇಳಲು ಯಾರಿಗೂ ಧೈರ್ಯ ಬರುತ್ತಿರಲಿಲ್ಲ. ಎಲ್ಲ ಸೇರಿ 38% ಉಳಿತಾಯ ಎಂದು ಅಂದಾಜು ಮಾಡಿದರು. ಗುತ್ತಿಗೆ ಪಡೆದ ಕಂಪನಿ ಉಳಿತಾಯಕ್ಕೆ ಖಾತರಿ ಕೊಟ್ಟಿತು, ಮೊದಲ ವರ್ಷವೇ ಖಾತರಿಗಿಂತ 5% ಹೆಚ್ಚು ಉಳಿಯಿತು.

ವ್ಯತ್ಯಾಸ ಗಮನಿಸಿದಿರಾ? ಈ 38% ಕಾಲ್ಪನಿಕ ಅವಳಿಗಿಂತ ಅಲ್ಲ, ಆ ಕಟ್ಟಡವೇ ಹಿಂದೆ ಬಳಸುತ್ತಿದ್ದುದಕ್ಕಿಂತ. ಇದ್ದ ಕಟ್ಟಡವಾದರೆ ಮಾಡೆಲನ್ನು ಹಳೆಯ ಬಿಲ್ಲುಗಳ ಎದುರು ಇಟ್ಟು ತಿದ್ದಬಹುದು. ತಿಂಗಳ ಬಿಲ್ಲುಗಳ ಜೊತೆ ಹೋಲಿಸಿದಾಗ ಒಟ್ಟಾರೆ ತಪ್ಪು 5% ಒಳಗಿರಬೇಕು ಎಂದು ಆಶ್ರೇ ಮಾರ್ಗಸೂಚಿಯೇ ಇದೆ. ಹಾಗೆ ತಿದ್ದಿದ ಮಾಡೆಲ್ ಹೇಳುವ ಮಾತಿಗೆ ತೂಕ ಬೇರೆ.

ಹೊಸ ಕಟ್ಟಡಕ್ಕೆ ಹಳೆಯ ಬಿಲ್ ಎಲ್ಲಿಂದ ತರುವುದು? ಬೆಂಗಳೂರಿನ ಇನ್ಫೋಸಿಸ್ ಕಂಪನಿ ಹೈದರಾಬಾದಿನ ತನ್ನ ಪೋಚಾರಂ ಕ್ಯಾಂಪಸ್ಸಿನಲ್ಲಿ ಇದಕ್ಕೊಂದು ನೇರ ಉಪಾಯ ಮಾಡಿತು. ಅವಳಿಯನ್ನು ಕಂಪ್ಯೂಟರಿನಲ್ಲಿ ಬಿಟ್ಟುಬಿಡದೆ ನಿಜವಾಗಿಯೇ ಕಟ್ಟಿತು! ಒಂದೇ ಕಟ್ಟಡದ ಎರಡು ಸಮ ಭಾಗಗಳು, ಒಂದೇ ಬಗೆಯ ಗೋಡೆ, ಗಾಜು, ಕೆಲಸ. ಒಂದು ಭಾಗಕ್ಕೆ ತಣ್ಣನೆಯ ಗಾಳಿ ಊದುವ ಎಂದಿನ ಎಸಿ, ಅದೂ ಒಳ್ಳೆಯ ದರ್ಜೆಯದೇ. ಇನ್ನೊಂದು ಭಾಗಕ್ಕೆ ಚಾವಣಿಯ ಕಾಂಕ್ರೀಟಿನೊಳಗೆ ಕೊಳವೆ ಹಾಕಿ ತಣ್ಣೀರು ಹರಿಸುವ ವ್ಯವಸ್ಥೆ. ಅಷ್ಟೇ ಗಾತ್ರದ ಗಾಳಿಗಿಂತ ನೀರು ಮೂರು ಸಾವಿರ ಪಟ್ಟಿಗೂ ಹೆಚ್ಚು ಶಾಖ ಹೊರಬಲ್ಲದು, ಹಾಗಾಗಿ ದೊಡ್ಡ ಫ್ಯಾನುಗಳ ಕೆಲಸ ಸಣ್ಣ ಪಂಪಿನಲ್ಲಿ ಮುಗಿಯುತ್ತದೆ. ಚಾವಣಿಯಲ್ಲಿ ನೀರ ಹನಿ ಕಟ್ಟದಂತೆ ಒಳಬರುವ ತಾಜಾ ಗಾಳಿಯ ತೇವ ತೆಗೆಯಬೇಕು, ಅಷ್ಟೇ. ಎರಡು ವರ್ಷ ಪ್ರತ್ಯೇಕ ಮೀಟರಿನಲ್ಲಿ ಅಳೆದಾಗ, ತಂಪು ಮಾಡಲು ಬೇಕಾದ ವಿದ್ಯುತ್ ಕೊಳವೆಯ ಭಾಗದಲ್ಲಿ ಸುಮಾರು ಮೂರನೇ ಒಂದು ಪಾಲು ಕಡಿಮೆ. ಇಂಥ ಸಾಲನ್ನು ಫಾರ್ವರ್ಡ್ ಮಾಡಲು ನಮಗೆ ಅಳುಕಿಲ್ಲ. ಯಾವುದಕ್ಕಿಂತ ಎಂಬ ಪ್ರಶ್ನೆಗೆ ಇಲ್ಲಿ ಉತ್ತರ ಇದೆ: ಗೋಡೆಯಾಚೆಗಿನ ಅರ್ಧಕ್ಕಿಂತ.

ನಮ್ಮೂರಿನ ಗಾಜು

ಭಾರತದಲ್ಲಿ ವಾಣಿಜ್ಯ ಕಟ್ಟಡಗಳ ಇಂಧನ ಸಂಹಿತೆ, ಅಂದರೆ ಇಸಿಬಿಸಿ, 2007ರಲ್ಲಿ ಬಂತು, 2017ರಲ್ಲಿ ಪರಿಷ್ಕರಣೆಯಾಯಿತು. 100 ಕಿಲೋವ್ಯಾಟ್ ಮತ್ತು ಅದಕ್ಕಿಂತ ಹೆಚ್ಚಿನ ಸಂಪರ್ಕ ಹೊರೆಯ ಕಟ್ಟಡಗಳಿಗೆ ಅನ್ವಯಿಸುವಂತೆ ಬರೆದ ಸಂಹಿತೆ ಇದು. 2017ರ ಆವೃತ್ತಿಯಲ್ಲಿ ಗೋಡೆಯಲ್ಲಿ ಗಾಜಿನ ಪಾಲು 40% ಮೀರಬಾರದು. ಉತ್ತರ ದಿಕ್ಕನ್ನು ಬಿಟ್ಟು ಉಳಿದ ಕಡೆಯ ಗಾಜು ಬಿಸಿಲ ಶಾಖದಲ್ಲಿ 27%ಕ್ಕಿಂತ ಹೆಚ್ಚು ಒಳಬಿಡಬಾರದು (ಶೀತ ಪ್ರದೇಶಗಳಿಗೆ ಬೇರೆ ಮಿತಿ). ಇದಕ್ಕೆ ಪರ್ಯಾಯವಾಗಿ, ಅವಳಿ ಕಟ್ಟಡದ ಮಾಡೆಲ್ ಮಾಡಿ ಒಟ್ಟು ಲೆಕ್ಕ ಸರಿ ಎಂದು ತೋರಿಸುವ ದಾರಿಯೂ ಇದೆ. ಹೆಚ್ಚು ಗಾಜು ಬೇಕೆನ್ನುವವರು ಬೇರೆ ಕಡೆ ಉಳಿಸಿ ಸರಿದೂಗಿಸಲು ಹಿಡಿಯುವ ದಾರಿ ಅದು.

ಇದೇ ಸಂಹಿತೆ ದೇಶವನ್ನು ಐದು ಹವಾಮಾನ ವಲಯಗಳಾಗಿ ವಿಂಗಡಿಸುತ್ತದೆ. ಮಂಗಳೂರು ಬಿಸಿ ಮತ್ತು ತೇವದ ವಲಯ. ಬೆಂಗಳೂರು ಸಮಶೀತೋಷ್ಣ, ಅಂದರೆ ಐದರಲ್ಲಿ ಅತ್ಯಂತ ಹಿತವಾದದ್ದು. ವರ್ಷದ ಹಲವು ತಿಂಗಳು ಕಿಟಕಿ ತೆರೆದು ಫ್ಯಾನ್ ಹಾಕಿದರೆ ಸಾಕೆನ್ನುವ ಊರು. ತೆರೆಯಲಾಗದ ಗಾಜಿನ ಪೆಟ್ಟಿಗೆಯಲ್ಲಿ ಕೂತವರಿಗೆ ಆ ತಿಂಗಳುಗಳು ಇಲ್ಲವಾಗುತ್ತವೆ. ಇಲ್ಲಿ ನಮಗೆ ಬೇಸರ ಇದೆ, ಮುಚ್ಚಿಡುವುದಿಲ್ಲ. ಅವಳಿ ಕಟ್ಟಡವೂ ಮುಚ್ಚಿದ ಗಾಜಿನದೇ ಆಗಿದ್ದರೆ, ‘ಕಿಟಕಿ ತೆರೆದಿದ್ದರೆ ಎಷ್ಟು ಉಳಿಯುತ್ತಿತ್ತು’ ಎಂಬ ಪ್ರಶ್ನೆಯೇ ಲೆಕ್ಕದೊಳಗೆ ಬರುವುದಿಲ್ಲ. ದೀಪ ಬದಲಿಸಲು ಒಂದು ವಾರ ಸಾಕು, ಎಸಿ ಹದಿನೈದು ಇಪ್ಪತ್ತು ವರ್ಷಕ್ಕೊಮ್ಮೆ ಬದಲಾಗುತ್ತದೆ. ಗೋಡೆ, ದಿಕ್ಕು, ಗಾಜಿನ ಪಾಲು ಹಾಗಲ್ಲ, ಕಟ್ಟಡ ಇರುವವರೆಗೂ ಇರುತ್ತವೆ. ಆ ಬಿಲ್ ತುಂಬುವವರು ಬಿಲ್ಡರ್ ಅಲ್ಲ, ಬಾಡಿಗೆಗೆ ಬಂದವರು ಮತ್ತು ಮೇಂಟೆನೆನ್ಸ್ ಕಟ್ಟುವವರು.

ಒಂದು ಭಾಗಾಕಾರ ಸಾಕು

ಮಾಡೆಲ್‌ನ ಗೊಡವೆಯೇ ಬೇಡ ಎನ್ನುವವರಿಗೆ ಸುಲಭದ ಅಳತೆಯೊಂದಿದೆ. 12 ತಿಂಗಳ ಬಿಲ್ಲುಗಳ ಯೂನಿಟ್ ಕೂಡಿಸಿ, ವಿಸ್ತೀರ್ಣದಿಂದ ಭಾಗಿಸಿ. ಬಿಇಇ 2009ರಿಂದ ಕಚೇರಿ ಕಟ್ಟಡಗಳಿಗೆ ಕೊಡುತ್ತಿರುವ ಸ್ಟಾರ್ ದರ್ಜೆಗೆ ಆಧಾರ ಇದೇ ಅಂಕಿ. ಅದು ನಿಜ ಬಿಲ್ಲಿನ ಲೆಕ್ಕ, ವಿನ್ಯಾಸದ ಅಂದಾಜಲ್ಲ. ಉದಾಹರಣೆಗೆ ದೆಹಲಿಯಂಥ ಊರುಗಳ ವಲಯದಲ್ಲಿ, ಅರ್ಧಕ್ಕಿಂತ ಹೆಚ್ಚು ಭಾಗ ಎಸಿ ಇರುವ ಕಚೇರಿಗೆ ವರ್ಷಕ್ಕೆ ಚದರ ಮೀಟರಿಗೆ 165ರಿಂದ 190 ಯೂನಿಟ್ ಆದರೆ ಒಂದು ಸ್ಟಾರ್, 90ಕ್ಕಿಂತ ಕಡಿಮೆಯಾದರೆ ಐದು.

ನಿಮ್ಮ ಕಚೇರಿ 10,000 ಚದರ ಮೀಟರ್ ಇದ್ದು, ತಿಂಗಳಿಗೆ ಸರಾಸರಿ 1 ಲಕ್ಷ ಯೂನಿಟ್ ಬಂದರೆ ವರ್ಷಕ್ಕೆ 12 ಲಕ್ಷ, ಭಾಗಿಸಿದರೆ 120. ನಮ್ಮ ಕಡೆ ಎಲ್ಲವೂ ಚದರಡಿಯಲ್ಲಿ. ಒಂದು ಚದರ ಮೀಟರಿಗೆ 10.76 ಚದರಡಿ, ಅಂದರೆ ಚದರಡಿಗೆ ಸುಮಾರು 11 ಯೂನಿಟ್. ಹೀಗೆ ಲೆಕ್ಕ ಹಾಕುವಾಗ ಡೀಸೆಲ್ ಜನರೇಟರಿನ ಯೂನಿಟ್ ಸೇರಿಸಲು ಮರೆಯಬೇಡಿ. ಚಾವಣಿಯ ಸೌರಫಲಕದಿಂದ ಬಳಸಿದ ಯೂನಿಟ್ಟನ್ನೂ ಸೇರಿಸಿ. ಅದು ಶುದ್ಧ ವಿದ್ಯುತ್ ನಿಜ, ಆದರೆ ಕಟ್ಟಡ ಬಳಸಿದ್ದಂತೂ ಹೌದಲ್ಲ. ನೆಲಮಾಳಿಗೆಯ ಪಾರ್ಕಿಂಗನ್ನು ವಿಸ್ತೀರ್ಣಕ್ಕೆ ಸೇರಿಸಿ ಅಂಕಿಯನ್ನು ಚಿಕ್ಕದು ಮಾಡಿಲ್ಲ ತಾನೆ ಎಂದೂ ನೋಡಿ. ಅರ್ಧ ಖಾಲಿ ಇರುವ ಕಟ್ಟಡದ ಅಂಕಿ ಚೆನ್ನಾಗಿಯೇ ಕಾಣುತ್ತದೆ, ಎರಡು ಪಾಳಿಯಲ್ಲಿ ತುಂಬಿ ತುಳುಕುವ ಕಟ್ಟಡದ್ದು ಕೆಟ್ಟದಾಗಿ ಕಾಣುತ್ತದೆ, ಆದ್ದರಿಂದ ಎಷ್ಟು ಜನ, ಎಷ್ಟು ಗಂಟೆ ಎಂಬುದನ್ನೂ ಕೇಳಬೇಕು.

ಆಸ್ಟ್ರೇಲಿಯಾದಲ್ಲಿ ಇದೇ ಭಾಗಾಕಾರದ ಸುತ್ತ ಇಡೀ ಪದ್ಧತಿ ಬೆಳೆದಿದೆ. ‘ನೇಬರ್ಸ್’ ಎಂಬ ಸ್ಟಾರ್ ದರ್ಜೆಗೆ 12 ತಿಂಗಳ ನಿಜ ಬಳಕೆ ಬೇಕು. ಹೊಸ ಕಟ್ಟಡದ ಬಿಲ್ಡರ್ ‘ಇಷ್ಟು ಸ್ಟಾರ್ ತರುತ್ತೇನೆ’ ಎಂದು ಮೊದಲೇ ಒಪ್ಪಂದ ಮಾಡಿಕೊಳ್ಳಬಹುದು. ಮಾಡೆಲ್ ಅಲ್ಲೂ ಇರುತ್ತದೆ, ಆದರೆ ಜನ ತುಂಬಿ ಒಂದು ವರ್ಷ ಕಳೆದ ಮೇಲೆ ಮೀಟರ್ ನೋಡಿ ಮಾತು ಉಳಿಸಿಕೊಂಡರೇ ಎಂದು ಪರೀಕ್ಷಿಸುತ್ತಾರೆ. ದೊಡ್ಡ ಕಚೇರಿಯನ್ನು ಮಾರುವ, ಬಾಡಿಗೆಗೆ ಕೊಡುವ ಜಾಹೀರಾತಿನಲ್ಲಿ ಈ ದರ್ಜೆ ಹಾಕುವುದು ಅಲ್ಲಿ ಕಾನೂನು. ನ್ಯೂಯಾರ್ಕ್ ಕೂಡ 2020ರಿಂದ ಇನ್ನೊಂದು ಹೆಜ್ಜೆ ಇಟ್ಟಿದೆ. ದೊಡ್ಡ ಕಟ್ಟಡಗಳು ತಮ್ಮ ಶಕ್ತಿ ಬಳಕೆಯ ದರ್ಜೆಯನ್ನು ಎ, ಬಿ, ಸಿ, ಡಿ ಎಂಬ ದಪ್ಪ ಅಕ್ಷರದಲ್ಲಿ ಮುಂಬಾಗಿಲ ಬಳಿ ಅಂಟಿಸಬೇಕು. ಲೆಕ್ಕ ಒಪ್ಪಿಸದವರಿಗೆ ಎಫ್.